ಯುವ ಉದ್ಯಮಶೀಲತಾ ತರಬೇತಿ: ವಿಜಯಪುರದ ವಿದ್ಯಾರ್ಥಿನಿಯೊಬ್ಬಳ ಅನುಭವದಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ಓದುತ್ತಿದ್ದಾಗ, ತರಗತಿಗಳ ಜೊತೆಜೊತೆಗೇ ನಡೆದ ಯುವ ಉದ್ಯಮಶೀಲತಾ ಕಾರ್ಯಕ್ರಮದಲ್ಲಿ ನಾನು ಭಾಗವಹಿಸಿದ್ದೆ. ನಾಲ್ವರಿದ್ದ ನಮ್ಮ ತಂಡವು ಲಿಂಬೆ ಉಪ್ಪಿನಕಾಯಿಯನ್ನು ತಯಾರಿಸಿ ಮಾರಿತು. ಇಂಥ ತರಬೇತಿಗೆ ಸೇರಬೇಕೆಂದಿರುವ ಕಿರಿಯ ವಿದ್ಯಾರ್ಥಿಗಳೂ ಅವರ ಪಾಲಕರೂ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವಾದ್ದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಸರ್ಕಾರಿ ಯೋಜನೆಗಳ ಮೊತ್ತ ಮತ್ತು ಷರತ್ತುಗಳು ಕಾಲಕಾಲಕ್ಕೆ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು.

ಈ ತರಬೇತಿ ವಾಣಿಜ್ಯ ವಿಭಾಗದವರಿಗೆ ಮಾತ್ರವೇ?

ಅಲ್ಲ. ನಮ್ಮ ತಂಡದಲ್ಲಿ ಒಬ್ಬಳು ರಸಾಯನಶಾಸ್ತ್ರ ಓದುತ್ತಿದ್ದಳು, ಒಬ್ಬ ಕಲಾ ವಿಭಾಗದವನಾಗಿದ್ದ. ಉಪ್ಪಿನಕಾಯಿ ಕೆಡದಂತೆ ಉಪ್ಪು ಮತ್ತು ತೇವಾಂಶದ ಪ್ರಮಾಣವನ್ನು ನೋಡಿಕೊಂಡವಳು ಆ ರಸಾಯನಶಾಸ್ತ್ರದವಳೇ. ವಾಣಿಜ್ಯ ಓದಿದ ನಮಗೆ ಲೆಕ್ಕ ಬರೆಯುವುದು ಮೊದಲೇ ಗೊತ್ತಿತ್ತು ಎಂಬುದನ್ನು ಬಿಟ್ಟರೆ ಹೆಚ್ಚಿನ ಅನುಕೂಲವೇನೂ ಇರಲಿಲ್ಲ.

ಉದ್ಯಮದ ಕಲ್ಪನೆ ಇನ್ನೂ ಹೊಳೆದಿಲ್ಲ. ಹಾಗಿದ್ದರೂ ಸೇರಬಹುದೇ?

ಸೇರಬಹುದು. ಸಿದ್ಧ ಕಲ್ಪನೆಯೊಂದಿಗೆ ಬಂದವರಿಗಿಂತ ಖಾಲಿ ಕೈಯಲ್ಲಿ ಬಂದವರೇ ಬೇಗ ಮುಂದೆ ಹೋದದ್ದನ್ನು ನಾನು ಕಂಡಿದ್ದೇನೆ, ಏಕೆಂದರೆ ಬಿಟ್ಟುಕೊಡಲು ಮನಸ್ಸಾಗದ ಯಾವುದೂ ಅವರ ಬಳಿ ಇರುವುದಿಲ್ಲ. ಮೊದಲ ವಾರ ಅನೇಕ ತಂಡಗಳು ಮೊಬೈಲ್ ಆ್ಯಪ್ ಮಾಡುವುದಾಗಿ ಹೇಳಿದವು. ನಮ್ಮ ತರಬೇತುದಾರರು ಅವನ್ನೆಲ್ಲ ಬದಿಗಿರಿಸಿ, ಜಿಲ್ಲೆಯಲ್ಲಿ ಏನು ಬೆಳೆಯುತ್ತದೆ, ಅದು ಯಾವ ತಿಂಗಳಲ್ಲಿ ಅಗ್ಗವಾಗುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮಾರುಕಟ್ಟೆಗೆ ಹೋಗಿ ಬರೆದುಕೊಂಡು ಬರಲು ಹೇಳಿದರು.

ವಿಜಯಪುರ ಜಿಲ್ಲೆಯವರಿಗೆ ಈ ಕೆಲಸ ಕಷ್ಟದ್ದಲ್ಲ. ಹಿಂಗಾರಿ ಬಿಳಿಜೋಳವಿದೆ, ದ್ರಾಕ್ಷಿ ಮತ್ತು ಒಣದ್ರಾಕ್ಷಿ ಇವೆ, ಇಂಡಿ ಸೀಮೆಯ ಲಿಂಬೆಯಿದೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ (ಜಿಐ), ಅಂದರೆ ಆ ಸೀಮೆಯದೇ ವಿಶಿಷ್ಟ ಉತ್ಪನ್ನವೆಂಬ ಮಾನ್ಯತೆ ದೊರೆತಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲಿಯೇ ಇದೆ. ಬೇಸಿಗೆಯಲ್ಲಿ ಪಾನಕಕ್ಕೆ, ಶರಬತ್ತಿಗೆ ಬೇಡಿಕೆ ಬಂದಾಗ ಏರುವ ಲಿಂಬೆಯ ದರ, ಮಳೆಗಾಲದಲ್ಲಿ ಆವಕ ಹೆಚ್ಚಿ ಬೇಡಿಕೆ ತಗ್ಗಿದಾಗ ಕುಸಿಯುತ್ತದೆ. ಕೀಳುವ ಕೂಲಿಯೂ ಹುಟ್ಟದ ಸಂದರ್ಭಗಳನ್ನು ರೈತರು ಹೇಳುತ್ತಾರೆ. ಅಗ್ಗವಾದಾಗ ಕೊಂಡು, ವರ್ಷವಿಡೀ ಬಾಳುವ ವಸ್ತುವನ್ನಾಗಿ ಮಾಡಿದರೆ ಆ ಏರಿಳಿತವೇ ಉದ್ಯಮಕ್ಕೆ ಆಧಾರವಾಗಬಲ್ಲದು ಎಂಬ ಸರಳ ತರ್ಕದಿಂದ ನಾವು ಉಪ್ಪಿನಕಾಯಿಯನ್ನು ಆರಿಸಿಕೊಂಡೆವು.

ಗಿರಾಕಿಗಳೊಡನೆ ಮಾತನಾಡಿ ಬನ್ನಿ ಎಂದು ಕಳುಹಿಸುತ್ತಾರಂತೆ. ಅಲ್ಲಿ ಏನು ಕೇಳಬೇಕು?

‘ನಾವು ಇಂಥ ವಸ್ತು ಮಾಡಿದರೆ ನೀವು ಕೊಳ್ಳುತ್ತೀರಾ?’ ಎಂದು ಕೇಳಲೇಬಾರದೆಂಬುದು ನಮಗೆ ಹಾಕಿದ ಮೊದಲ ಕಟ್ಟಳೆಯಾಗಿತ್ತು. ಕಾಲೇಜಿನ ಮಕ್ಕಳು ಬಂದು ಹೀಗೆ ಕೇಳಿದರೆ ನಮ್ಮ ಕಡೆಯ ಯಾರೂ ಇಲ್ಲವೆನ್ನುವುದಿಲ್ಲ. ಚಹಾ ಕೊಟ್ಟು, ‘ಛಲೋ ಐತಿ, ಮಾಡ್ರಿ’ ಎಂದು ಹರಸಿ ಕಳುಹಿಸುತ್ತಾರೆ. ಆ ಹರಕೆಯನ್ನು ಬೇಡಿಕೆಯೆಂದು ತಿಳಿದು ಸರಕು ತುಂಬಿಕೊಂಡವರು ಕೆಡುತ್ತಾರೆ. ಆದ್ದರಿಂದ ಮುಂದೆ ಮಾಡುವುದನ್ನು ಕೇಳದೆ ಹಿಂದೆ ಮಾಡಿದ್ದನ್ನು ಕೇಳಬೇಕು: ಕಳೆದ ಸಲ ಉಪ್ಪಿನಕಾಯಿಯನ್ನು ಯಾವಾಗ ಕೊಂಡಿರಿ, ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ, ಅದು ಎಷ್ಟು ದಿನಕ್ಕೆ ಮುಗಿಯಿತು?

ಹೀಗೆ ಕೇಳಿದಾಗ ಉತ್ತರಗಳು ಬೇರೆಯಾದವು. ನಮ್ಮ ಓಣಿಯ ಹಿರಿಯರೊಬ್ಬರು, ‘ತಂಗಿ, ಹ್ವಾದ ವರ್ಷದ್ದ ನಮ್ಮನ್ಯಾಗ ಇನ್ನೂ ಅರ್ಧ ಭರಣಿ ಐತಿ, ನಿಂದ್ಯಾಕ ಕೊಳ್ಳಲಿ?’ ಎಂದರು. ಸಂಸಾರವಂದಿಗರ ಮನೆಗಳಲ್ಲಿ ಲಿಂಬೆ ಉಪ್ಪಿನಕಾಯಿಯನ್ನು ಕೊಳ್ಳುವವರು ಅಪರೂಪವೆಂಬುದು ಹಲವು ಮನೆಗಳಲ್ಲಿ ಖಚಿತವಾಯಿತು. ಆದರೆ ಖಾನಾವಳಿಗಳಲ್ಲಿ, ವಸತಿನಿಲಯಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಹಳ್ಳಿಗಳಿಂದ ಬಂದು ಕೋಣೆ ಮಾಡಿಕೊಂಡಿರುವ ವಿದ್ಯಾರ್ಥಿಗಳಲ್ಲಿ ನಿಜವಾದ ಖರೀದಿ ಇತ್ತು. ಖಾನಾವಳಿಯವರಿಗೆ ಅಂದದ ಬಾಟಲಿ ಬೇಕಿರಲಿಲ್ಲ, ದೊಡ್ಡ ಡಬ್ಬಿ ಬೇಕಿತ್ತು. ಕೋಣೆಯ ಹುಡುಗರಿಗೆ ಒಂದು ತಿಂಗಳಲ್ಲಿ ಮುಗಿಯುವ ಸಣ್ಣ ಪೊಟ್ಟಣ ಬೇಕಿತ್ತು. ಪೇಟೆಯಲ್ಲಿ ಸಾಮಾನ್ಯವಾಗಿ ಕಾಣುವ ಮಧ್ಯಮ ಗಾತ್ರದ ಬಾಟಲಿಯನ್ನು ನಾವು ಮಾಡಲೇ ಇಲ್ಲ.

ಬೆಲೆಯನ್ನು ಹೇಗೆ ನಿಗದಿ ಮಾಡಬೇಕು? ಇಡೀ ತರಬೇತಿಯಲ್ಲಿ ಯಾವ ಪಾಠ ಹೆಚ್ಚು ಉಪಯೋಗಕ್ಕೆ ಬಂತು?

ಎರಡಕ್ಕೂ ಉತ್ತರ ಒಂದೇ ಆಗಿರುವುದರಿಂದ ಒಟ್ಟಿಗೆ ಬರೆಯುತ್ತೇನೆ. ನನ್ನ ಅಭಿಪ್ರಾಯದಲ್ಲಿ ಬೆಲೆಯ ಲೆಕ್ಕವೊಂದನ್ನೇ ಕಲಿತು ಬಂದರೂ ತರಬೇತಿ ಸಾರ್ಥಕವಾದಂತೆ.

ನಮ್ಮ ಪಕ್ಕದ ತಂಡವು ಕಡಕ್ ರೊಟ್ಟಿಯನ್ನು ಆರಿಸಿಕೊಂಡಿತ್ತು. ಅವರ ಲೆಕ್ಕವನ್ನು ಇಡೀ ತರಗತಿಯೆದುರು ಕಪ್ಪುಹಲಗೆಯ ಮೇಲೆ ಬಿಡಿಸಿದರು. ತಿಳಿಯಲು ಸುಲಭವಾಗಲೆಂದು ದುಂಡು ಅಂಕಿಗಳಲ್ಲಿ ಹೇಳುವುದಾದರೆ, 100 ರೊಟ್ಟಿಗೆ ಜೋಳ ಮತ್ತು ಬೀಸುವ ಖರ್ಚು 270 ರೂಪಾಯಿ, ಉರುವಲು 60, ಚೀಲ ಮತ್ತು ಚೀಟಿ 40, ಸಾಗಾಟ 30, ಒಟ್ಟು 400. ಅಂದರೆ ಒಂದು ರೊಟ್ಟಿಗೆ 4 ರೂಪಾಯಿ ಖರ್ಚು. ಅದನ್ನು 6 ರೂಪಾಯಿಗೆ ಮಾರಿದರೆ ನೂರಕ್ಕೆ 200 ರೂಪಾಯಿ ಲಾಭವೆಂದು ತಂಡವು ಸಂತೋಷದಿಂದ ಹೇಳಿತು. ತರಬೇತುದಾರರು, ರೊಟ್ಟಿ ಬಡಿದವರು ಯಾರೆಂದು ಕೇಳಿದರು. ತಂಡದ ಒಬ್ಬನ ತಾಯಿ ಮತ್ತು ಅತ್ತೆ ಎಂಬ ಉತ್ತರ ಬಂತು. ಅವರ ಕೂಲಿ ಎಷ್ಟು ಹಿಡಿದಿರಿ ಎಂದಾಗ ತರಗತಿಯೆಲ್ಲ ನಕ್ಕಿತು. ‘ಅವ್ವ ಕೂಲಿ ಕೇಳತಾಳೇನ್ರಿ, ಸರ?’ ಎಂದು ಆ ಹುಡುಗನೂ ನಕ್ಕ.

ನೂರು ರೊಟ್ಟಿಗೆ ಹಿಟ್ಟು ನಾದಿ, ಬಡಿದು, ಬೇಯಿಸಿ, ಒಣಗಿಸಿ ಎತ್ತಿಡಲು ಐದು ತಾಸು ಬೇಕೆಂದೂ ತಾಸಿಗೆ 60 ರೂಪಾಯಿಯೆಂದೂ ಹಿಡಿದರೆ ಕೂಲಿ 300 ರೂಪಾಯಿ ಆಗುತ್ತದೆ. ಖರ್ಚು 700ಕ್ಕೆ ಏರಿತು, ಮಾರಾಟದ ಹಣ 600ರಲ್ಲಿಯೇ ನಿಂತಿತು. ಲಾಭವೆಂದು ಕಂಡದ್ದು ತಾಯಿಯ ಕೂಲಿಯ ಒಂದು ಪಾಲಾಗಿತ್ತು, ಉಳಿದ ಪಾಲನ್ನು ಗಿರಾಕಿ ಪುಕ್ಕಟೆಯಾಗಿ ತಿಂದಿದ್ದ. ಇದು ತಾಯಂದಿರ ಮೇಲಿನ ಗೌರವದ ಪ್ರಶ್ನೆ ಮಾತ್ರವಾಗಿ ಅಲ್ಲಿ ಬರಲಿಲ್ಲ. ಆ ತಾಯಿ ಒಂದು ವಾರ ಹಾಸಿಗೆ ಹಿಡಿದರೆ ಅಥವಾ ಬೇಡಿಕೆ ಸಾವಿರ ರೊಟ್ಟಿಗೆ ಏರಿದರೆ ಕೂಲಿಯ ಹೆಂಗಸರನ್ನು ಕರೆಯಲೇಬೇಕಾಗುತ್ತದೆ; ಅಂದು ಪ್ರತಿ ರೊಟ್ಟಿಗೂ ಒಂದು ರೂಪಾಯಿ ನಷ್ಟವಾಗುತ್ತದೆ, ಮಾರಾಟ ಹೆಚ್ಚಿದಷ್ಟೂ ನಷ್ಟವೂ ಹೆಚ್ಚುತ್ತದೆ. ಉದ್ಯಮವನ್ನು ಬೆಳೆಸಲಾಗದಂಥ ಬೆಲೆಯನ್ನು ಮೊದಲ ದಿನವೇ ಇಟ್ಟಿದ್ದರೆ ಮುಂದೆ ಗಿರಾಕಿಗಳ ಮುಂದೆ ಅದನ್ನು ಏರಿಸುವುದು ಬಹಳ ಕಷ್ಟ.

ಉತ್ತರ ಕರ್ನಾಟಕದ ಮನೆ ಉದ್ದಿಮೆಗಳು, ಅಂದರೆ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಹಪ್ಪಳ, ಸಂಡಿಗೆ, ಮನೆಯೊಳಗಿನ ನೇಯ್ಗೆಯ ಪೂರ್ವತಯಾರಿ ಕೂಡ, ಬಹುಪಾಲು ಈ ಬರೆಯದ ಕೂಲಿಯ ಮೇಲೆಯೇ ನಿಂತಿವೆ ಎಂದು ನನಗೆ ಅನಿಸುತ್ತದೆ. ಅಗ್ಗವೆಂದು ನಾವು ಹೊಗಳುವ ಅನೇಕ ವಸ್ತುಗಳ ಲೆಕ್ಕದಲ್ಲಿ ಯಾರೋ ಒಬ್ಬರ ಹೆಸರು ಬಿಟ್ಟುಹೋಗಿರುತ್ತದೆ. ರೊಟ್ಟಿಯ ತಂಡವು ಬಳಿಕ ಬೆಲೆಯನ್ನು 8 ರೂಪಾಯಿಗೆ ಏರಿಸಿ, ಪ್ರತಿ ಕಟ್ಟಿನೊಂದಿಗೆ ಹಿಂಡಿಯ ಸಣ್ಣ ಪೊಟ್ಟಣವನ್ನು ಪ್ರತ್ಯೇಕ ದರದಲ್ಲಿ ಮಾರಿತು. ಹಿಂಡಿಗೆ ಕೂಲಿ ಕಡಿಮೆ, ಉಳಿತಾಯ ಹೆಚ್ಚು. ಗಿರಾಕಿಗಳು ಸ್ವಲ್ಪ ಕಡಿಮೆಯಾದರು, ಆದರೆ ಉಳಿದವರಿಂದ ಬಂದ ಹಣದಲ್ಲಿ ಬಡಿದವರಿಗೆ ಕೂಲಿ ಕೊಟ್ಟು ಮಿಕ್ಕಿತು.

ಬಂಡವಾಳ ಎಷ್ಟು ಬೇಕು? ಮನೆಯಿಂದ ಹಣ ತರಬೇಕೇ?

ಅನೇಕ ಕಾರ್ಯಕ್ರಮಗಳಲ್ಲಿ, ಮಾರಾಟದ ನಂತರ ಮರಳಿಸುವ ಷರತ್ತಿನ ಮೇಲೆ ತಂಡಕ್ಕೊಂದು ಸಣ್ಣ ಮೊತ್ತವನ್ನು ಕೊಡುತ್ತಾರೆ. ನಮಗೂ ಹಾಗೆ ಕೊಟ್ಟಿದ್ದರು. ಮೊತ್ತಕ್ಕಿಂತಲೂ ಅದು ಎಷ್ಟು ಕಾಲ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು. ರೊಟ್ಟಿಯ ಹಣ ವಾರದೊಳಗೆ ಮರಳಿ ಬರುತ್ತದೆ. ಲಿಂಬೆ ಉಪ್ಪಿನಕಾಯಿ ಹಾಗಲ್ಲ; ಉಪ್ಪು ಹಿಡಿದು ಸಿಪ್ಪೆ ಮೆತ್ತಗಾಗಲು ವಾರಗಟ್ಟಲೆ ಕಾಯಬೇಕು, ಅಷ್ಟು ದಿನವೂ ಹಣ ಭರಣಿಯೊಳಗೇ ಇರುತ್ತದೆ. ಆಮೇಲೆ ಖಾನಾವಳಿಯವರು ತಿಂಗಳ ಉದ್ರಿ ಕೇಳುತ್ತಾರೆ. ಹೀಗೆ ಒಂದು ಸುತ್ತು ಮುಗಿಯುವ ಮೊದಲೇ ಎರಡನೆಯ ಸುತ್ತಿಗೆ ಲಿಂಬೆ ಕೊಳ್ಳಲು ಬೇರೆ ಹಣ ಬೇಕಾಗುತ್ತದೆ. ಪುಸ್ತಕದಲ್ಲಿ ‘ದುಡಿಯುವ ಬಂಡವಾಳ’ ಎಂದು ಓದಿದ್ದು ಇದೇ.

ಉದ್ರಿಯನ್ನು ಪೂರ್ತಿ ನಿಲ್ಲಿಸಲು ನಮ್ಮ ಪೇಟೆಯಲ್ಲಿ ಆಗದು. ಆದರೆ ಹಿಂದಿನ ಡಬ್ಬಿಯ ಹಣ ಕೊಟ್ಟ ಮೇಲೆ ಮುಂದಿನ ಡಬ್ಬಿ ಎಂಬ ನಿಯಮವನ್ನು ಮೊದಲೇ ಹೇಳಿದರೆ ಯಾರೂ ಬೇಸರಿಸುವುದಿಲ್ಲ, ಏಕೆಂದರೆ ಕಿರಾಣಿ ಅಂಗಡಿಯವರು ಅವರಿಗೂ ಅದನ್ನೇ ಹೇಳಿರುತ್ತಾರೆ.

ವಿದ್ಯಾರ್ಥಿಗಳಿಗೆ ಬ್ಯಾಂಕ್ ಸಾಲ ಅಥವಾ ಸಬ್ಸಿಡಿ ಸಿಗುತ್ತದೆಯೇ?

ಹದಿನೆಂಟು ತುಂಬದವರು ಸಾಲದ ಕರಾರಿಗೆ ಸಹಿ ಹಾಕುವಂತಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 11ನೆಯ ಕಲಮು ಪ್ರಾಪ್ತವಯಸ್ಕರಿಗೆ ಮಾತ್ರ ಆ ಅರ್ಹತೆಯನ್ನು ಕೊಡುತ್ತದೆ. ವಯಸ್ಸು ತುಂಬಿದವರಿಗೆ ದಾರಿಗಳಿವೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿಯವರೆಗೆ, ‘ಕಿಶೋರ’ ವಿಭಾಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದ ಸಾಲಕ್ಕೆ ಅವಕಾಶವಿದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮೀಣ ಪ್ರದೇಶದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ. 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರಿಗೆ ಶೇ. 35 ಸಹಾಯಧನವಿದೆ. ಕಿರು ಆಹಾರ ಸಂಸ್ಕರಣೆಗೆಂದೇ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ‘ಒಂದು ಜಿಲ್ಲೆ, ಒಂದು ಉತ್ಪನ್ನ’ದಡಿ ವಿಜಯಪುರಕ್ಕೆ ಲಿಂಬೆಯನ್ನೂ ಬೆಳಗಾವಿಗೆ ಬೆಲ್ಲವನ್ನೂ ಬಾಗಲಕೋಟೆಗೆ ಈರುಳ್ಳಿಯನ್ನೂ ಗುರುತಿಸಲಾಗಿದೆ.

ಇಲ್ಲೊಂದು ತಿಳಿವಳಿಕೆ ಅಗತ್ಯ. ಉದ್ಯೋಗ ಸೃಜನ ಕಾರ್ಯಕ್ರಮದ ಸಬ್ಸಿಡಿ ನಿಮ್ಮ ಕೈಗೆ ನಗದಾಗಿ ಬರುವುದಿಲ್ಲ. ಅದನ್ನು ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಇಟ್ಟು, ಉದ್ಯಮ ನಡೆಯುತ್ತಿರುವುದನ್ನು ಪರಿಶೀಲಿಸಿದ ಮೇಲೆ ಸಾಲಕ್ಕೆ ಹೊಂದಿಸುತ್ತಾರೆ. ಸಬ್ಸಿಡಿ ಮಾಡಿಸಿಕೊಡುತ್ತೇವೆಂದು ಮುಂಗಡ ಕೇಳುವ ಮಧ್ಯವರ್ತಿಗಳು ಈ ವಿಷಯವನ್ನು ಹೇಳುವುದಿಲ್ಲ. ಸಬ್ಸಿಡಿ ಇಲ್ಲದಿದ್ದರೂ ನಿಲ್ಲಬಲ್ಲ ಲೆಕ್ಕವಿದ್ದರೆ ಮಾತ್ರ ಅರ್ಜಿ ಹಾಕಿರಿ.

ಯಾವ ಯಾವ ಪರವಾನಗಿಗಳು ಬೇಕು?

ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕೇ ಬೇಕು, ಅದರ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು, ತಯಾರಕರ ಹೆಸರು ಮತ್ತು ವಿಳಾಸ, ದೂರಿಗೆ ಸಂಪರ್ಕ ಇವೆಲ್ಲವೂ ಚೀಟಿಯ ಮೇಲಿರಬೇಕು. ಕಿರು ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸಿಕೊಳ್ಳುವ ‘ಉದ್ಯಮ್’ ನೋಂದಣಿ ಸಂಪೂರ್ಣ ಉಚಿತವಾಗಿದೆ. ಆಧಾರ್ ಸಂಖ್ಯೆಯಿಂದ ನೀವೇ ಮಾಡಿಕೊಳ್ಳಬಹುದಾದ ಇದಕ್ಕೆ ನೂರಾರು ರೂಪಾಯಿ ಪಡೆಯುವವರೂ ಇದ್ದಾರೆ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ, ಆದರೆ ಸೊಲ್ಲಾಪುರಕ್ಕೋ ಸಾಂಗಲಿಗೋ, ಅಂದರೆ ರಾಜ್ಯದಾಚೆಗೆ ಕಳುಹಿಸುವುದಾದರೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಗಡಿ ಜಿಲ್ಲೆಯವರಾದ ನಾವು ಇದನ್ನು ಮರೆಯಬಾರದು.

ಇನ್ನೊಂದು ಸೂಕ್ಷ್ಮವಿದೆ. ಇಂಡಿಯ ಲಿಂಬೆಯನ್ನೇ ಬಳಸಿದ್ದರೂ ಭೌಗೋಳಿಕ ಸೂಚಿಕೆಯ ಹೆಸರನ್ನೂ ಚಿಹ್ನೆಯನ್ನೂ ಪೊಟ್ಟಣದ ಮೇಲೆ ಯಾರು ಬೇಕಾದರೂ ಹಾಕುವಂತಿಲ್ಲ. 1999ರ ಭೌಗೋಳಿಕ ಸೂಚಿಕೆಗಳ ಕಾಯಿದೆಯ ಪ್ರಕಾರ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡಿರಬೇಕು. ಇಳಕಲ್ ಸೀರೆ, ಗುಳೇದಗುಡ್ಡದ ಖಣಗಳನ್ನು ಮಾರಹೊರಟಿರುವ ಬಾಗಲಕೋಟೆಯ ಗೆಳೆಯರಿಗೂ ಇದು ಅನ್ವಯಿಸುತ್ತದೆ.

ಓದಿಗೆ ತೊಂದರೆಯಾಗುವುದಿಲ್ಲವೇ? ಹೆಣ್ಣುಮಕ್ಕಳು ಮಾರಾಟಕ್ಕೆ ಹೊರಗೆ ಹೋಗಬೇಕಾಗುತ್ತದೆಯೇ? (ಪಾಲಕರ ಪ್ರಶ್ನೆ)

ಪರೀಕ್ಷೆಯ ತಿಂಗಳಲ್ಲಿ ತೊಂದರೆ ಆಗಿಯೇ ಆಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ನಾವು ಆ ತಿಂಗಳು ಹೊಸ ಸರಕು ಹಾಕದೆ ಇದ್ದುದನ್ನೇ ಮಾರಿದೆವು. ಕೆಡುವ ಪದಾರ್ಥವನ್ನು ಆರಿಸಿಕೊಂಡ ತಂಡಗಳಿಗೆ ಈ ಬಿಡುವು ಸಿಗದು. ವಸ್ತುವನ್ನು ಆರಿಸುವಾಗಲೇ ಕಾಲೇಜಿನ ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಳ್ಳುವುದು ಜಾಣತನ.

ಹೆಣ್ಣುಮಕ್ಕಳು ಹೊರಗೆ ಹೋಗಲೇಬೇಕಾಗುತ್ತದೆ. ನಮ್ಮ ಮನೆಯಲ್ಲಿಯೂ ಆರಂಭದಲ್ಲಿ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ‘ಅಂಗಡಿ ಹಾಕ್ಕೊಂಡು ಕುಂಡ್ರಾಕ ಕಾಲೇಜಿಗೆ ಕಳಿಸೇವೇನು?’ ಎಂಬ ಮಾತು ಬಂತು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಮಳಿಗೆ ಹಾಕಿದಾಗ ಇಬ್ಬಿಬ್ಬರಾಗಿ ಪಾಳಿ ಮಾಡಿಕೊಂಡೆವು, ಕತ್ತಲಾಗುವ ಮುನ್ನ ನಮ್ಮ ಪಾಳಿ ಮುಗಿಯುತ್ತಿತ್ತು, ಮೇಲ್ವಿಚಾರಣೆಗೆ ಅಧ್ಯಾಪಕಿಯೊಬ್ಬರು ಇರುತ್ತಿದ್ದರು. ಪಾಲಕರು ಸೇರಿಸುವ ಮೊದಲು ಈ ಏರ್ಪಾಡುಗಳ ಬಗ್ಗೆ ಸಂಘಟಕರನ್ನು ನೇರವಾಗಿ ಕೇಳುವುದು ಸರಿ. ಜಾತ್ರೆಯ ದಿನಗಳಲ್ಲಿ ರೈತರು, ದನಗಳ ವ್ಯಾಪಾರಿಗಳು, ಊರಿಗೆ ಮರಳಿದ ನೌಕರರು ಎಲ್ಲರೂ ಒಂದೇ ಮಳಿಗೆಯ ಮುಂದೆ ನಿಲ್ಲುತ್ತಾರೆ. ಅಪರಿಚಿತರೊಡನೆ ದರ ಮಾತನಾಡುವ ಅಭ್ಯಾಸಕ್ಕೆ ಅಂಥ ಜಾಗ ವಿಜಯಪುರದಲ್ಲಿ ಇನ್ನೊಂದಿಲ್ಲ.

ಇಂಗ್ಲಿಷ್ ಚೆನ್ನಾಗಿ ಬರದಿದ್ದರೆ?

ಅಡ್ಡಿಯಿಲ್ಲ. ಕಾರ್ಯಕ್ರಮದ ಕೊನೆಗೆ ತೀರ್ಪುಗಾರರೆದುರು ಉದ್ಯಮವನ್ನು ವಿವರಿಸುವ ಮಂಡನೆಯನ್ನು ನಾವು ಕನ್ನಡದಲ್ಲಿಯೇ ಮಾಡಿದೆವು, ಅವರೂ ಕನ್ನಡದಲ್ಲಿಯೇ ಪ್ರಶ್ನೆ ಕೇಳಿದರು.

ಆ ಕೊನೆಯ ಮಂಡನೆ ಎಷ್ಟು ಮುಖ್ಯ?

ಸಂಘಟಕರು ಹೇಳುವಷ್ಟು ಮುಖ್ಯವಲ್ಲ ಎಂಬುದು ನನ್ನ ಅನಿಸಿಕೆ. ಐದು ನಿಮಿಷದ ಮಾತು, ಬಣ್ಣದ ಚಿತ್ರಗಳು, ಐದು ವರ್ಷದ ನಂತರದ ವಹಿವಾಟಿನ ಅಂದಾಜು ಇವುಗಳಿಗೆ ವಾರಗಟ್ಟಲೆ ಸಮಯ ಹೋಗುತ್ತದೆ. ಬಹುಮಾನ ಪಡೆದ ತಂಡವು ಅಲ್ಲಿಯವರೆಗೆ ಒಂದು ವಸ್ತುವನ್ನೂ ಮಾರಿರಲಿಲ್ಲ. ಮಂಡನೆಗೆ ಕೊಡುವ ಅಂಕಗಳ ಬದಲು ಕಿರ್ದಿ ಪುಸ್ತಕವನ್ನು ತೆರೆದು ನೋಡಿ ಅಂಕ ಕೊಟ್ಟರೆ ಕಾರ್ಯಕ್ರಮಗಳು ಸುಧಾರಿಸುತ್ತವೆ. ಆದರೂ ಒಂದು ಪ್ರಯೋಜನವಿದೆ: ತೀರ್ಪುಗಾರರಾಗಿ ಬಂದಿದ್ದ ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯವರೊಬ್ಬರು, ಒಂದು ಖಾನಾವಳಿ ಕೈಬಿಟ್ಟರೆ ನಿಮ್ಮ ಮಾರಾಟದಲ್ಲಿ ಎಷ್ಟು ಪಾಲು ಹೋಗುತ್ತದೆ ಎಂದು ಕೇಳಿದ ಪ್ರಶ್ನೆಯಿಂದಾಗಿ ನಾವು ಗಿರಾಕಿವಾರು ಲೆಕ್ಕವನ್ನು ಬರೆಯಲು ಆರಂಭಿಸಿದೆವು.

ತಂಡದಲ್ಲಿ ಜಗಳವಾದರೆ ಏನು ಮಾಡಬೇಕು?

ಆಗದಂತೆ ತಡೆಯಲು ಬಾರದು, ಆದರೆ ಹಣದ ಜಗಳವನ್ನು ಬಹುಪಾಲು ತಪ್ಪಿಸಬಹುದು. ಹಣ ಇಟ್ಟುಕೊಳ್ಳುವವರು ಒಬ್ಬರು, ಲೆಕ್ಕ ಬರೆಯುವವರು ಇನ್ನೊಬ್ಬರು ಇರಬೇಕು. ಪ್ರತಿ ಶನಿವಾರ ಎಲ್ಲರೆದುರು ಎರಡನ್ನೂ ತಾಳೆ ನೋಡಬೇಕು. ಯಾರು ಎಷ್ಟು ತಾಸು ದುಡಿದರೆಂಬುದನ್ನೂ ಬರೆದಿಡಬೇಕು. ಗೆಳೆತನದಲ್ಲಿ ಬರವಣಿಗೆ ಏಕೆಂದು ಸಂಕೋಚಪಟ್ಟ ತಂಡಗಳಲ್ಲಿಯೇ, ಲಾಭ ಹಂಚುವ ದಿನ ‘ನಾನು ಹೆಚ್ಚು ಮಾಡಿದೆ’ ಎಂಬ ಮಾತು ಬಂದದ್ದನ್ನು ನೋಡಿದ್ದೇನೆ.

ಪ್ರಮಾಣಪತ್ರದಿಂದ ನೌಕರಿ ಸಿಗುತ್ತದೆಯೇ?

ಪ್ರಮಾಣಪತ್ರದಿಂದಲೇ ಸಿಗುವುದಿಲ್ಲ. ಸಂದರ್ಶನದಲ್ಲಿ ಹೇಳಲು ನಿಮ್ಮದೇ ಅಂಕಿಗಳಿರುತ್ತವೆ, ಅಷ್ಟೆ.

ಕಾಲೇಜಿನಲ್ಲಿ ಇಂಥ ಕಾರ್ಯಕ್ರಮವಿಲ್ಲದವರು ಎಲ್ಲಿಗೆ ಹೋಗಬೇಕು?

ಗ್ರಾಮೀಣ ಯುವಜನರ ಸ್ವ ಉದ್ಯೋಗ ತರಬೇತಿಗೆ ದೇಶಕ್ಕೇ ಮಾದರಿಯಾದದ್ದು ನಮ್ಮ ರಾಜ್ಯದಲ್ಲಿಯೇ ಹುಟ್ಟಿತು. ಧರ್ಮಸ್ಥಳದ ಸಂಸ್ಥೆಯು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಂದಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನು ಅನುಸರಿಸಿ, ಮುಂದೆ ಬ್ಯಾಂಕುಗಳು ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆದವು. ರುಡ್‌ಸೆಟ್‌ನ ಶಾಖೆ ವಿಜಯಪುರದಲ್ಲಿಯೂ ಇದೆ. ಇವುಗಳಲ್ಲಿ ತರಬೇತಿ, ಊಟ, ವಸತಿ ಉಚಿತವಾಗಿವೆ. ತರಬೇತಿಯ ನಂತರವೂ ಬ್ಯಾಂಕಿನ ಸಾಲಕ್ಕಾಗಿ ಮಾರ್ಗದರ್ಶನ ಮಾಡುತ್ತಾರೆ. ಧಾರವಾಡದಲ್ಲಿರುವ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರವೂ ಜಿಲ್ಲೆಗಳಲ್ಲಿ ತರಬೇತಿಗಳನ್ನು ನಡೆಸುತ್ತದೆ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ದುರಸ್ತಿಯಂಥ ನಿರ್ದಿಷ್ಟ ಕಸುಬನ್ನು ಕಲಿಯಬೇಕೆನ್ನುವವರಿಗೆ ಕಾಲೇಜಿನ ಕಾರ್ಯಕ್ರಮಕ್ಕಿಂತ ಇವೇ ಮೇಲು.

ತರಬೇತಿ ಮುಗಿದ ಮೇಲೆ ಉದ್ಯಮವನ್ನು ನಿಲ್ಲಿಸಬೇಕೆಂದರೆ?

ಹೆಚ್ಚಿನ ತಂಡಗಳು ನಿಲ್ಲಿಸುತ್ತವೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಮ್ಮ ನಾಲ್ವರಲ್ಲಿ ಇಬ್ಬರು ಉನ್ನತ ವ್ಯಾಸಂಗಕ್ಕೆ ಬೇರೆ ಊರಿಗೆ ಹೋದರು. ಉಪ್ಪಿನಕಾಯಿಯನ್ನು ಈಗ ಉಳಿದಿಬ್ಬರು ಖಾನಾವಳಿಗಳ ಬೇಡಿಕೆಯಿದ್ದಷ್ಟೇ ಹಾಕುತ್ತೇವೆ. ಹೋಗುವವರ ಪಾಲನ್ನು ಲೆಕ್ಕ ಮಾಡಿ ಕೊಡುವಾಗ ಒಂದು ಕ್ರಮವನ್ನು ಅನುಸರಿಸಿದೆವು. ಮೊದಲು ಲಿಂಬೆ, ಮಸಾಲೆ, ಡಬ್ಬಿಗಳನ್ನು ಕೊಟ್ಟವರ ಬಾಕಿ ಮತ್ತು ಲಿಂಬೆ ಹೆಚ್ಚಿಕೊಟ್ಟ ಹೆಂಗಸರ ಕೂಲಿ, ಆಮೇಲೆ ಕಾರ್ಯಕ್ರಮದಿಂದ ಪಡೆದ ಮೊತ್ತ, ಅದಾದ ಮೇಲೆ ಮನೆಗಳಿಂದ ತಂದ ಕೈಗಡ, ಕಡೆಗೆ ಉಳಿದದ್ದು ನಮ್ಮೊಳಗೆ. ಮಾರದೆ ಉಳಿದ ಸರಕನ್ನು ಮಾರಾಟದ ಬೆಲೆಗೆ ಹಿಡಿಯದೆ ತಯಾರಿಕಾ ವೆಚ್ಚಕ್ಕೆ ಹಿಡಿಯಬೇಕು. ಬರಬೇಕಾದ ಉದ್ರಿಯನ್ನು ಬಂದ ಮೇಲೆ ಹಂಚಿಕೊಳ್ಳುವುದೆಂದು ಬರೆದು ಎಲ್ಲರೂ ಸಹಿ ಹಾಕಬೇಕು. ಉದ್ಯಮವನ್ನು ಪೂರ್ತಿಯಾಗಿ ನಿಲ್ಲಿಸುವವರು ಆಹಾರ ಸುರಕ್ಷತಾ ನೋಂದಣಿಯನ್ನು ಹಿಂದಿರುಗಿಸುವ ಅರ್ಜಿಯನ್ನು ಕೊಡಬೇಕು, ಹೆಸರು ಮುದ್ರಿಸಿದ ಖಾಲಿ ಪೊಟ್ಟಣಗಳನ್ನು ಬೇರೆಯವರ ಕೈಗೆ ಬಿಡದೆ ನಾಶಮಾಡಬೇಕು.